ಕಣ್ಣೊಳಗಿನ ಕೂದಲು

ನಾನು ಹುಟ್ಟಿದ್ದು ಅಂಬಾಲಾ ಎಂಬ ದೂರದ ಊರಿನಲ್ಲಿ, ಒಂದು ಉದ್ದನೆಯ ಶೆಡ್ಡಿನ ಕಿಟಕಿಯ ಪಕ್ಕ. ನನ್ನ ಮೈ ಎರಕದ ಕಬ್ಬಿಣದ್ದು, ತಿರುಪುಗಳು ಹಿತ್ತಾಳೆಯವು. ಮಸೂರಗಳನ್ನು ಉಜ್ಜಿದವರು ಒಬ್ಬ ವಯಸ್ಸಾದ ಸರ್ದಾರ್ಜಿ. ಅವರು ಪ್ರತಿಯೊಂದು ಗಾಜನ್ನೂ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಸರಿಯಾಗಿಲ್ಲ ಅನ್ನಿಸಿದರೆ ಏನೂ ಮಾತಾಡದೆ ಮತ್ತೆ ಉಜ್ಜಲು ಕೂರುತ್ತಿದ್ದರು. ನನ್ನ ಮೊಟ್ಟಮೊದಲ ನೆನಪು ಅವರ ಗಡ್ಡ. ನನ್ನ ಕಣ್ಣಿಗೆ ಅದು ಬಿಳಿಯ ಕಾಡಿನಂತೆ ದೊಡ್ಡದಾಗಿ ಕಂಡಿತ್ತು. ಎಲ್ಲವನ್ನೂ ದೊಡ್ಡದು ಮಾಡಿ ನೋಡುವುದೇ ನನ್ನ ಗುಣ. ನಾನು ಒಂದು ಮೈಕ್ರೋಸ್ಕೋಪು.

ಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ಕುಳಿತು, ಮೂರು ರೈಲು ಬದಲಿಸಿ, ಉತ್ತರ ಕರ್ನಾಟಕದ ಒಂದು ಮೆಡಿಕಲ್ ಕಾಲೇಜಿಗೆ ಬಂದೆ. ನನ್ನನ್ನು ಪೆಥಾಲಜಿ ವಿಭಾಗದ ಕೋಣೆಯಲ್ಲಿ, ಉತ್ತರದ ಕಿಟಕಿಯ ಕೆಳಗಿನ ಮೇಜಿನ ಮೇಲೆ ಇಟ್ಟರು. ಆ ಮೇಜಿನ ಒಂದು ಕಾಲು ಗಿಡ್ಡ. ಯಾರಾದರೂ ಮೊಣಕೈ ಊರಿದರೆ ಮೇಜು ಅಲುಗುತ್ತಿತ್ತು, ನನ್ನೊಳಗಿನ ಚಿತ್ರವೂ ಅಲುಗುತ್ತಿತ್ತು. ಎಲ್ಲರೂ ಬೈದುಕೊಂಡರು. ಯಾರೂ ಸರಿ ಮಾಡಲಿಲ್ಲ.

ಅಲ್ಲಿ ನಡೆಯುವ ಕೆಲಸ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ರೋಗಿಯ ಮೈಯಲ್ಲಿ ಗಂಟೋ ಹುಣ್ಣೋ ಇದ್ದರೆ ಸರ್ಜನ್ ಅದರ ಚೂರೊಂದನ್ನು ತೆಗೆದು ನಮ್ಮಲ್ಲಿಗೆ ಕಳಿಸುತ್ತಾರೆ. ನಮ್ಮವರು ಅದನ್ನು ಮೇಣದ ಅಚ್ಚಿನಲ್ಲಿ ಕೂರಿಸಿ, ಈರುಳ್ಳಿಯ ಪೊರೆಗಿಂತ ತೆಳ್ಳಗೆ ಹೆರೆಯುತ್ತಾರೆ. ಆ ಪೊರೆ ಸುಕ್ಕಾಗಿರುತ್ತದೆ. ಬಿಸಿನೀರಿನ ತಟ್ಟೆಯ ಮೇಲೆ ತೇಲಿಬಿಟ್ಟರೆ ಸುಕ್ಕು ಬಿಚ್ಚಿಕೊಳ್ಳುತ್ತದೆ. ಆಗ ಸ್ಲೈಡು ಎಂಬ ಗಾಜಿನ ಪಟ್ಟಿಯಿಂದ ಅದನ್ನು ಎತ್ತಿಕೊಂಡು, ಗುಲಾಬಿ ಮತ್ತು ನೇರಳೆ ಬಣ್ಣ ಹಾಕಿ ನನ್ನ ಕೆಳಗೆ ಇಡುತ್ತಾರೆ. ಡಾಕ್ಟರು ನನ್ನ ಮೂಲಕ ನೋಡಿ, ಇದು ಕ್ಯಾನ್ಸರ್, ಇದು ಅಲ್ಲ, ಎಂದು ಬರೆಯುತ್ತಾರೆ. ಆ ಒಂದು ಸಾಲಿನ ಮೇಲೆ ರೋಗಿಯ ಮುಂದಿನ ಬದುಕು ನಿಂತಿರುತ್ತದೆ. ಆದರೆ ರೋಗಿಯ ಮುಖ ನಮಗೆ ಕಾಣುವುದಿಲ್ಲ. ನಾವಿದ್ದೇವೆ ಎಂಬುದು ರೋಗಿಗೂ ಗೊತ್ತಿರುವುದಿಲ್ಲ.

ನನ್ನ ಮೊದಲ ಒಡೆಯರು ಡಾಕ್ಟರ್ ಗುರುಪಾದಪ್ಪ ಹಂಚಿನಾಳ. ಆಗ ಅವರಿಗೆ ಮೂವತ್ತು ಇರಬಹುದು. ತಲೆ ತುಂಬ ಗುಂಗುರು ಕೂದಲು. ಹೊಸದಾಗಿ ಪಾಠ ಹೇಳಲು ಸೇರಿದ್ದರು. ಕಲಿಯಲು ಬಂದ ಪಿ.ಜಿ. ಡಾಕ್ಟರುಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ಈ ಕೋಶ ನೋಡು, ಇದರ ಬಾಜೂಕಿಂದು ನೋಡು" ಎನ್ನುತ್ತಿದ್ದರು. ನನಗೆ ಎರಡು ಕಣ್ಣಿದ್ದರೂ ನೋಡಲು ಒಬ್ಬರಿಗೆ ಮಾತ್ರ ಜಾಗ. ಗುರುಗಳು ಎದ್ದು ಶಿಷ್ಯನನ್ನು ಕೂರಿಸಿದರೆ, ಅವನಿಗೆ ಸಾವಿರ ಕೋಶಗಳ ನಡುವೆ ಯಾವುದೆಂದು ತಿಳಿಯುತ್ತಿರಲಿಲ್ಲ.

"ಸರ್, ಯಾವುದು ಅಂತೀರಿ? ನನಗ ಎಲ್ಲಾ ಜಾತ್ರ್ಯಾಗಿನ ಮಂದಿ ಕಂಡಂಗ ಕಾಣಾಕತ್ತಾವ" ಎಂದ ಒಬ್ಬ ಒಂದು ದಿನ.

"ತಡಿ" ಎಂದರು ಹಂಚಿನಾಳ ಡಾಕ್ಟರು. ತಲೆಯಿಂದ ಒಂದು ಕೂದಲು ಕಿತ್ತರು. ನನ್ನ ಬಲಗಣ್ಣಿನ ಕೊಳವೆಯನ್ನು ಬಿಚ್ಚಿ, ಒಳಗಿನ ಬಳೆಗೆ ಆ ಕೂದಲನ್ನು ಒಂದು ಹನಿ ಅಂಟಿನಿಂದ ಅಂಟಿಸಿದರು. ತುದಿ ಸರಿಯಾಗಿ ನಡುವಿಗೆ ಬರುವಂತೆ ಕತ್ತರಿಸಿದರು. ಈಗ ನನ್ನ ಮೂಲಕ ನೋಡಿದವರಿಗೆಲ್ಲ ಒಂದು ಕಪ್ಪು ಮುಳ್ಳು ಕಾಣುತ್ತಿತ್ತು. ಸ್ಲೈಡನ್ನು ಸರಿಸಿ, ಬೇಕಾದ ಕೋಶವನ್ನು ಮುಳ್ಳಿನ ತುದಿಗೆ ತಂದು, ಎದ್ದು ಕುರ್ಚಿ ಬಿಟ್ಟುಕೊಟ್ಟರೆ ಮುಗಿಯಿತು.

"ಈಗ ಕುಂದ್ರು. ಕೂದಲ ತುದಿ ಏನ್ ತೋರಸ್ತೈತಿ ಅದನ್ನ ನೋಡು."

"ಕಾಣ್ತು ಸರ್! ಆದ್ರ ನೀವು ಹೀಂಗ ದಿನಾ ಕಿತ್ತಕೋತ ಹೋದ್ರ, ಲಗ್ನ ಆಗೂದ್ರಾಗ ತಲಿ ಬೈಲಾಗ್ತೈತಿ ನೋಡ್ರಿ."

ಕೋಣೆಯೆಲ್ಲ ನಕ್ಕಿತು. ಆ ವರ್ಷಗಳಲ್ಲಿ ದಿನಕ್ಕೆ ಮೂವತ್ತು ಸಲವಾದರೂ ಹಂಚಿನಾಳ ಡಾಕ್ಟರು ಎದ್ದು ಕೂರುತ್ತಿದ್ದರು. ಏಳುವುದು, ಕೂರಿಸುವುದು. ಕುರ್ಚಿ ಕಿರುಗುಟ್ಟುವ ಆ ಸದ್ದನ್ನು ಕೇಳಿದರೆ ನನಗೆ ಪಾಠ ಶುರುವಾಯಿತೆಂದು ತಿಳಿಯುತ್ತಿತ್ತು.

ಆ ಸದ್ದು ಯಾವತ್ತು ನಿಂತಿತು ಎಂದು ಹೇಳಲಾರೆ. ಒಂದೇ ದಿನ ನಿಲ್ಲಲಿಲ್ಲ. ಮೊದಲು ಬೆಳಗ್ಗೆ ಎರಡು ಟ್ರೇ ಸ್ಲೈಡುಗಳು ಬರುತ್ತಿದ್ದವು. ಆಮೇಲೆ ಆರಾದವು. ಆಮೇಲೆ ಹತ್ತು. ಸುತ್ತಲಿನ ತಾಲ್ಲೂಕುಗಳಿಂದಲೂ ಚೂರುಗಳು ಬರತೊಡಗಿದವು. ಇಬ್ಬರು ಡಾಕ್ಟರು ನಿವೃತ್ತರಾದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹಂಚಿನಾಳ ಡಾಕ್ಟರು ವಿಭಾಗದ ಮುಖ್ಯಸ್ಥರಾದರು. ಬೆಳಗ್ಗೆ ಕುಳಿತವರು ಸಂಜೆಯವರೆಗೆ ನನ್ನ ಮೇಲೆ ಬಗ್ಗಿರುತ್ತಿದ್ದರು. ಮನೆಯಿಂದ ತಂದ ರೊಟ್ಟಿಯ ಗಂಟು ಖಾನೆಯಲ್ಲೇ ಒಣಗುತ್ತಿತ್ತು. ಎಡಗೈಯಿಂದ ಕುತ್ತಿಗೆಯನ್ನು ಒತ್ತಿಕೊಳ್ಳುತ್ತ, ಬಲಗೈಯಿಂದ ನನ್ನ ತಿರುಪು ತಿರುಗಿಸುತ್ತಿದ್ದರು. ಅವರ ಬೆರಳು ಮೊದಲಿನಷ್ಟು ಹಗುರವಾಗಿರಲಿಲ್ಲ. ಎದ್ದು ಕೂರಿಸಲು ಹೊತ್ತೆಲ್ಲಿ? ಪಿ.ಜಿ.ಗಳು ಬೆನ್ನ ಹಿಂದೆ ಸಾಲಾಗಿ ನಿಲ್ಲುವುದು, ಸರ್ ಪಕ್ಕಕ್ಕೆ ತಲೆ ಸರಿಸಿದಾಗ ಭುಜದ ಮೇಲಿಂದ ಬಗ್ಗಿ ಒಂದು ಕ್ಷಣ ಇಣುಕುವುದು, ಇದೇ ಪದ್ಧತಿಯಾಯಿತು.

ಏನಾದರೂ ಕೇಳಿದರೆ, "ಪುಸ್ತಕ ತಗದು ನೋಡ್ರಿ" ಎನ್ನುತ್ತಿದ್ದರು. "ಗೊತ್ತಾಗಲಿಲ್ರಿ" ಎಂದರೆ, "ಗೊತ್ತಿಲ್ಲದಾವ್ರು ಇಲ್ಲಿಗ್ಯಾಕ ಬಂದೀರಿ?" ಎನ್ನುತ್ತಿದ್ದರು. ಹೀಗಾಗಿ 'ಗೊತ್ತಿಲ್ಲ' ಎಂಬ ಮಾತು ಆ ಕೋಣೆಯನ್ನು ಬಿಟ್ಟು ಹೋಯಿತು. ಮಾತು ಹೋಯಿತೇ ಹೊರತು ಗೊತ್ತಿಲ್ಲದಿರುವುದು ಹೋಗಲಿಲ್ಲ. ಅದು ಎಲ್ಲರ ಹೊಟ್ಟೆಯೊಳಗೆ ಕುಳಿತುಕೊಂಡಿತು. ಇರ್ಫಾನ್ ಎಂಬ ಒಬ್ಬ ಜಾಣ ಹುಡುಗ ಎರಡನೆಯ ವರ್ಷದಲ್ಲಿ ಯಾರಿಗೂ ಹೇಳದೆ ಓದು ಬಿಟ್ಟು ಹೋದ. ಅವನ ಬಿಳಿ ಕೋಟು ಗೋಡೆಯ ಗೂಟದಲ್ಲಿ ತಿಂಗಳುಗಟ್ಟಲೆ ನೇತಾಡುತ್ತಿತ್ತು. ಅದನ್ನು ತೆಗೆಯಿರಿ ಎಂದು ಯಾರೂ ಹೇಳಲಿಲ್ಲ, ತೆಗೆಯಲೂ ಇಲ್ಲ.

ಆ ಕೋಟಿನ ಪಕ್ಕದ ಗೂಟಕ್ಕೆ ತನ್ನ ಕೋಟು ನೇತುಹಾಕಿದವಳು ಡಾಕ್ಟರ್ ಕಸ್ತೂರಿ ಬಡಿಗೇರ. ರೋಣದ ಕಡೆಯ ಹಳ್ಳಿಯೊಂದರ ಬಡಿಗನ ಮಗಳು. ಗಿಡ್ಡ ಹುಡುಗಿ. ಸರ್ ಭುಜದ ಮೇಲಿಂದ ನೋಡಬೇಕಾದರೆ ತುದಿಗಾಲ ಮೇಲೆ ನಿಲ್ಲಬೇಕಿತ್ತು. ಅದಕ್ಕೇ ಅವಳು ಬೆಳಗ್ಗೆ ಏಳೂವರೆಗೇ ಬಂದು, ಯಾರೂ ಇಲ್ಲದಾಗ ನನ್ನ ಮುಂದೆ ಕುಳಿತು ಹಿಂದಿನ ದಿನದ ಸ್ಲೈಡುಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಕುರ್ಚಿಯಲ್ಲಿ ಕುಳಿತರೆ ನಾನು ಅವಳಿಗೆ ಸಲೀಸಾಗಿ ಎಟುಕುತ್ತಿರಲಿಲ್ಲ. ಗಲ್ಲ ಎತ್ತಿ, ಕುತ್ತಿಗೆ ಚಾಚಿ ನೋಡುತ್ತಿದ್ದಳು. ಅವಳ ರೆಪ್ಪೆ ನನ್ನ ಗಾಜಿಗೆ ತಾಗುತ್ತಿತ್ತು. ನನ್ನ ಮೂಲಕ ಎಷ್ಟೋ ಜನ ನೋಡಿದ್ದಾರೆ. ಬಹಳ ಮಂದಿ ತಮಗೆ ಬೇಕಾದ್ದನ್ನು ಹುಡುಕುತ್ತಾರೆ. ಅವಳು ಹಾಗಲ್ಲ. ಮೊದಲು ಸ್ಲೈಡಿನ ಅಂಚನ್ನೆಲ್ಲ ಒಂದು ಸುತ್ತು ಹೋಗಿ ಬಂದು, ಆಮೇಲೆ ನಡುವಿಗೆ ಬರುತ್ತಿದ್ದಳು.

ಒಂದು ದಿನ ಹಂಚಿನಾಳ ಡಾಕ್ಟರು ಒಂದು ಸ್ಲೈಡಿನ ಬಗ್ಗೆ ಅವಳನ್ನು ಕೇಳಿದರು.

"ಖಾತ್ರಿ ಇಲ್ರಿ ಸರ್" ಎಂದಳು ಅವಳು ಮೆಲ್ಲಗೆ.

"ಖಾತ್ರಿ ಇಲ್ಲಂದ್ರ ಪೇಶಂಟಿಗೆ ಏನ್ ಹೇಳೂದು? ಹೋಗಿ ಗಿಣಿಶಾಸ್ತ್ರ ಕೇಳವಾ ಅನ್ನೂದೇನು?"

ಹಿಂದೆ ನಿಂತವರಲ್ಲಿ ಇಬ್ಬರು ನಕ್ಕರು. ನಗದಿದ್ದರೆ ಮುಂದಿನ ಸರದಿ ತಮ್ಮದೆಂಬ ಭಯದ ನಗು ಅದು. ಮರುದಿನ ಬೆಳಗ್ಗೆ ಅವಳು ಒಬ್ಬಳೇ ಕುಳಿತಾಗ ನನ್ನ ಗಾಜು ಒದ್ದೆಯಾಯಿತು. ಕಣ್ಣೀರು ಒಣಗಿದರೆ ಗಾಜಿನ ಮೇಲೆ ಉಪ್ಪಿನ ಕಲೆ ಉಳಿಯುತ್ತದೆ. ಅವಳು ಸೆರಗಿನಿಂದ ಒರೆಸಿದಳು.

ಒಂದು ವಾರ ಕಳೆದ ಮೇಲೆ ಮಂಗಳವಾರ ಒಂದು ಸ್ಲೈಡು ಬಂತು. ಅದರ ಮೇಲೆ ೧೧೪೨ ಎಂಬ ಸಂಖ್ಯೆ ಇತ್ತು. ಚೀಟಿಯಲ್ಲಿ ಇದ್ದದ್ದು ಇಷ್ಟೇ: ಹೆಣ್ಣು, ಮೂವತ್ತನಾಲ್ಕು ವರ್ಷ, ಎಡ ಮೊಲೆಯಲ್ಲಿ ಗಂಟು. ಅವತ್ತಿನ ತೊಂಬತ್ತನೆಯದೋ ತೊಂಬತ್ತೈದನೆಯದೋ ಸ್ಲೈಡು ಅದು. ಹಂಚಿನಾಳ ಡಾಕ್ಟರ ಕುತ್ತಿಗೆ ಹಿಡಿದುಕೊಂಡಿತ್ತು. ಅವರು ಸ್ಲೈಡನ್ನು ಸರಸರ ಸರಿಸಿದರು. ಎಲ್ಲ ಕಡೆ ಅಪಾಯವಿಲ್ಲದ ಸಾಧು ಗಂಟಿನ ಸಾಮಾನ್ಯ ಕೋಶಗಳು. ಆದರೆ ಒಂದು ಅಂಚಿನಲ್ಲಿ ಕೆಟ್ಟ ಕೋಶಗಳ ಚಿಕ್ಕ ಗುಂಪೊಂದು ಇತ್ತು. ದಪ್ಪ, ಕಪ್ಪು, ಅಡ್ಡಾದಿಡ್ಡಿ.

"ಇಲ್ಲೈತಿ ನೋಡ್ರಿ. ಕ್ಯಾನ್ಸರ್. ಬರಕೋರಿ" ಎಂದರು.

ಕಸ್ತೂರಿ ತುದಿಗಾಲ ಮೇಲೆ ನಿಂತು ಇಣುಕಿದಳು. ಅವಳಿಗೆ ಸಿಕ್ಕದ್ದು ಎರಡು ಉಸಿರಿನಷ್ಟು ಹೊತ್ತು. ಅಷ್ಟರಲ್ಲೇ ಅವಳ ಉಸಿರು ತಡೆದದ್ದು ನನಗೆ ಗೊತ್ತಾಯಿತು. ಆ ಗುಂಪು ಸ್ಪಷ್ಟವಾಗಿ ಕಾಣಬೇಕಾದರೆ ನನ್ನ ತಿರುಪನ್ನು ಒಂದು ಕೂದಲೆಳೆಯಷ್ಟು ಬೇರೆಯಾಗಿ ತಿರುಗಿಸಬೇಕಿತ್ತು. ಉಳಿದದ್ದು ಕಂಡಾಗ ಅದು ಮಸುಕು, ಅದು ಕಂಡಾಗ ಉಳಿದದ್ದು ಮಸುಕು. ಅಂದರೆ ಅದು ಅದೇ ಪೊರೆಯೊಳಗೆ ಇರಲಿಲ್ಲ, ಪೊರೆಯ ಮೇಲೆ ಕುಳಿತಿತ್ತು. ಅವಳ ಬಾಯಿಯವರೆಗೆ "ಸರ್, ಆದ್ರ..." ಎಂಬುದು ಬಂತು. ಗಿಣಿಶಾಸ್ತ್ರದ ಮಾತು ನೆನಪಾಯಿತೋ ಏನೋ, ಬಾಯಿ ಮುಚ್ಚಿತು. ಬರೆದುಕೊಂಡಳು. ಸಂಜೆ ಸಹಿಯಾಗಿ ರಿಪೋರ್ಟು ಮೇಲಿನ ಸರ್ಜರಿ ವಿಭಾಗಕ್ಕೆ ಹೋಯಿತು. ಗುರುವಾರ ಬೆಳಗ್ಗೆ ಆ ಹೆಂಗಸಿನ ಮೊಲೆ ತೆಗೆಯುವ ಆಪರೇಷನ್ ಎಂದು ಸರ್ಜರಿಯವರು ಫೋನಿನಲ್ಲಿ ಹೇಳಿದ್ದನ್ನು ನಾನೂ ಕೇಳಿದೆ, ಅವಳೂ ಕೇಳಿದಳು.

ಬುಧವಾರ ಬೆಳಗ್ಗೆ ಏಳೂವರೆಗೆ ಅವಳು ಬಂದಾಗ ಹೆಗಲಿನಲ್ಲಿ ದೊಡ್ಡ ಚೀಲವಿತ್ತು. ಹಿಂದೆ ಒಬ್ಬ ಮುದುಕ. ಬಿಳಿ ಅಂಗಿ, ಧೋತರ, ಕಿವಿಯ ಸಂದಿನಲ್ಲಿ ಚಪ್ಪಟೆ ಪೆನ್ಸಿಲು. ಅವಳ ತಂದೆ ಮೌನೇಶಪ್ಪ. ಮಗಳು ಫೋನ್ ಮಾಡಿ, "ಅಪ್ಪಾ, ನನಗ ಇಲ್ಲಿ ಆಗೂದಿಲ್ಲ, ಬಂದು ಕರಕೊಂಡ ಹೋಗು" ಎಂದಿದ್ದಳಂತೆ. ಮೊದಲ ಬಸ್ಸಿಗೆ ಬಂದಿದ್ದರು. ಓದು ಬಿಡುತ್ತೇನೆಂದು ಬರೆದ ಪತ್ರ ಅವಳ ಚೀಲದಲ್ಲಿತ್ತು. ಹತ್ತು ಗಂಟೆಗೆ ಸರ್ ಬಂದಾಗ ಕೊಟ್ಟು ಹೊರಡುವುದು ಎಂದು ಮಾತಾಗಿತ್ತು.

"ಹತ್ತರ ತನಕ ಏನ್ ಮಾಡ್ತಿ?" ಎಂದರು ಮೌನೇಶಪ್ಪ.

"ಒಂದು ನೋಡೂದೈತಿ ಅಪ್ಪಾ."

ಅವಳು ೧೧೪೨ರ ಸ್ಲೈಡನ್ನು ತಂದು ನನ್ನ ಕೆಳಗಿಟ್ಟಳು. ಬಹಳ ಹೊತ್ತು ನೋಡಿದಳು. ಅವಳ ಅಪ್ಪ ಸ್ಲೈಡನ್ನು ನೋಡುತ್ತಿರಲಿಲ್ಲ, ಅವಳ ಕುತ್ತಿಗೆಯನ್ನು ನೋಡುತ್ತಿದ್ದರು.

"ಈ ಮೇಜ ಯಾರ ಅಳತಿಗೆ ಮಾಡ್ಯಾರವ್ವಾ? ಹಿಂಗ ಕುತಗಿ ಎತ್ತಿ ಮೂರ ವರ್ಷ ಕುಂತ್ರ ಒಂಟೆ ಆಗ್ತಿ ನೋಡು."

ಅವಳಿಗೆ ನಗು ಬಂತು. ತಿಂಗಳುಗಳ ಮೇಲೆ ನಾನು ಆ ನಗು ಕೇಳಿದ್ದು. ನಕ್ಕವಳಿಗೆ ಏನು ಅನ್ನಿಸಿತೋ, ಕೆಟ್ಟ ಕೋಶಗಳ ಗುಂಪನ್ನು ಕೂದಲ ತುದಿಗೆ ತಂದು, ಎದ್ದು ನಿಂತಳು.

"ಅಪ್ಪಾ, ಇಲ್ಲಿ ಕುಂದ್ರು. ಎರಡೂ ಕಣ್ಣ ಹಚ್ಚಿ ನೋಡು. ಒಳಗೊಂದು ಕರೇ ಮುಳ್ಳ ಕಾಣ್ತೈತಲ್ಲ, ಅದರ ತುದಿಗೆ ಏನೈತಿ ಹೇಳು."

ಕುರ್ಚಿ ಕಿರುಗುಟ್ಟಿತು. ಎಷ್ಟೋ ವರ್ಷಗಳ ಮೇಲೆ ಆ ಕುರ್ಚಿಯಿಂದ ಒಬ್ಬರು ಎದ್ದು ಇನ್ನೊಬ್ಬರನ್ನು ಕೂರಿಸಿದ್ದರು. ಮೌನೇಶಪ್ಪನವರ ಕಣ್ಣು ಬಡಿಗನ ಕಣ್ಣು. ಅದು ಆತುರಪಡಲಿಲ್ಲ.

"ನನಗ ನಿಮ್ಮ ವಿದ್ಯಾ ಏನ್ ತಿಳಿತೈತಿ. ಎಲ್ಲಾ ಗುಲಾಬಿ ಬಣ್ಣದ ಹಲಗಿ ಇದ್ದಂಗೈತಿ. ಎಳಿ ಚಂದ ಹೊಂಟಾವ."

"ಮುಳ್ಳಿನ ತುದಿಗೆ?"

"ಅದು ಈ ಹಲಗೀದಲ್ಲವ್ವಾ. ಎಳಿ ಕೂಡಂಗಿಲ್ಲ. ಬ್ಯಾರೆ ಕಟಗಿ ಕೊರಿಯೂ ಮುಂದ ಚಕ್ಕಿ ಹಾರಿ ಬಂದು ಬಿದ್ದೈತಿ. ಊದಿದ್ರ ಹೋಗಬೇಕು ನೋಡು." ನಿಜವಾಗಿಯೂ ಊದಲು ಹೋದರು. ಅವಳು ಹಿಡಿದುಕೊಂಡಳು.

"ಅಪ್ಪಾ, ನನಗೂ ನಿನ್ನೆ ಹಂಗ ಅನಸಿತ್ತು."

"ಅನಸಿದ್ರ ಹೇಳಬೇಕಿಲ್ಲ?"

ಅವಳು ಪಕ್ಕದ ಕೋಣೆಯ ಬಾಗಿಲು ತೆರೆದು, ಮೇಣ ಹೆರೆಯುವ ಟೆಕ್ನಿಷಿಯನ್ ಮೌಲಾಸಾಬ ನದಾಫರನ್ನು ಕೇಳಿದಳು. "ಕಾಕಾ, ೧೧೪೨ರ ಅಚ್ಚಿನಿಂದ ಹೊಸಾದು ಐದು ಸ್ಲೈಡ ಮಾಡಿ ಕೊಡ್ತೀರೇನ್ರಿ? ಹತ್ತರೊಳಗ?"

"ಸರ್ ಹೇಳ್ಯಾರೇನ್ರಿ ಮೇಡಂ?"

"ಇಲ್ರಿ."

ಮೌಲಾಸಾಬರು ಇಪ್ಪತ್ತು ವರ್ಷ ಆ ಕೆಲಸ ಮಾಡಿದವರು. ಅವಳು ಯಾಕೆ ಕೇಳುತ್ತಿದ್ದಾಳೆಂದು ಅವರಿಗೆ ತಿಳಿಯಿತು. ಒಬ್ಬ ರೋಗಿಯ ಪೊರೆಗಳನ್ನು ಎತ್ತಿಕೊಂಡ ಮೇಲೆ, ಬಿಸಿನೀರಿನ ಮೇಲೆ ಒಂದು ಕಾಗದದ ಹಾಳೆಯನ್ನು ಎಳೆಯಬೇಕು. ನೀರಿನ ಮೇಲೆ ಏನಾದರೂ ಚೂರು ಉಳಿದಿದ್ದರೆ ಕಾಗದಕ್ಕೆ ಅಂಟಿ ಬರುತ್ತದೆ. ಎಳೆಯದಿದ್ದರೆ, ಹಿಂದಿನ ರೋಗಿಯ ಚೂರು ಮುಂದಿನ ರೋಗಿಯ ಗಾಜಿನ ಮೇಲೆ ಹತ್ತಿಬಿಡುತ್ತದೆ.

"ಸೋಮವಾರ ನಾ ಒಬ್ಬನ ಇದ್ದೆ ಮೇಡಂ" ಎಂದರು. "ನೂರಾ ನಲವತ್ತು ಅಚ್ಚು. ಪ್ರತಿ ಸಲಾ ಹಾಳಿ ಎಳದೆ ಅಂತ ಆಣಿ ಮಾಡಿ ಹೇಳಲಾರೆ. ಇದು ಹೊರಗ ಬಂದ್ರ ನನ್ನ ಮ್ಯಾಲ ಬರ್ತೈತಿ." ಆಮೇಲೆ ಹೆರೆಯುವ ಚಕ್ರ ತಿರುಗಿದ ಸದ್ದು ಕೇಳಿಸಿತು.

ಹತ್ತಕ್ಕೆ ಐದು ನಿಮಿಷ ಇರುವಾಗ, ಇನ್ನೂ ಬಣ್ಣ ಆರದ ಐದು ಸ್ಲೈಡುಗಳು ನನ್ನ ಕೆಳಗೆ ಬಂದವು. ಒಂದರಲ್ಲೂ ಆ ಗುಂಪು ಇರಲಿಲ್ಲ. ಅವಳು ೧೧೪೧ರ ಸ್ಲೈಡನ್ನೂ ತಂದಳು. ಅದು ಬೇರೆ ಒಬ್ಬ ವಯಸ್ಸಾದ ಹೆಂಗಸಿನ ಕ್ಯಾನ್ಸರ್. ಅದೇ ದಪ್ಪ, ಕಪ್ಪು ಕೋಶಗಳು ಅಲ್ಲಿ ತುಂಬಿದ್ದವು. ಚಕ್ಕೆ ಹಾರಿ ಬಂದದ್ದು ಅಲ್ಲಿಂದ.

ಬಾಗಿಲಲ್ಲಿ ಹಂಚಿನಾಳ ಡಾಕ್ಟರು ನಿಂತಿದ್ದರು. ತಮ್ಮ ಕುರ್ಚಿಯಲ್ಲಿ ಪಿ.ಜಿ. ಹುಡುಗಿ ಕುಳಿತಿದ್ದನ್ನೂ, ಪಕ್ಕದಲ್ಲಿ ಧೋತರದ ಮುದುಕ ನಿಂತಿದ್ದನ್ನೂ ನೋಡಿದರು.

"ಏನ್ ನಡದೈತಿ ಇದು?"

ಅವಳ ಕೈ ನನ್ನ ತಿರುಪಿನ ಮೇಲಿತ್ತು. ಚೀಲದಲ್ಲಿ ಪತ್ರವಿತ್ತು. ಅದನ್ನು ಕೊಟ್ಟು ಹೊರಟುಬಿಟ್ಟರೆ ಅವಳು ಯಾವ ಮಾತನ್ನೂ ಆಡಬೇಕಾಗಿರಲಿಲ್ಲ. ನಾಳೆ ಬೆಳಗ್ಗೆ ಆಪರೇಷನ್ ಆಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಹಳೆಯ ಸ್ಲೈಡನ್ನು ಮತ್ತೆ ಇಟ್ಟು, ಆ ಗುಂಪನ್ನು ಕೂದಲ ತುದಿಗೆ ತಂದು, ಎದ್ದಳು.

"ಸರ್, ನೀವು ಕುಂದರ್ರಿ. ೧೧೪೨. ಕೂದಲ ತುದಿಗೆ ಇಟ್ಟೀನಿ."

"ಅದರ ರಿಪೋರ್ಟ್ ಹೋಗೈತಲ್ಲ?"

"ಹೋಗೈತ್ರಿ. ಅದಕ್ಕ ಹೇಳಾಕತ್ತೀನಿ. ನಿನ್ನೆನ ನನಗ ಸಂಶಯ ಇತ್ರಿ. ಹೆದರಿ ಹೇಳಲಿಲ್ಲ." ಹೊಸ ಐದು ಸ್ಲೈಡುಗಳನ್ನು ಅವರ ಮುಂದೆ ಸರಿಸಿದಳು. "ಆಕೀಗೆ ಕ್ಯಾನ್ಸರ್ ಇಲ್ರಿ ಸರ್."

ಅವರು ಕುಳಿತರು. ನನ್ನ ಎರಡು ಕಣ್ಣಿಗೆ ಅವರ ಎರಡು ಕಣ್ಣು ಬಂದವು. ತಿರುಪನ್ನು ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ ತಿರುಗಿಸಿದರು. ಅವತ್ತು ಅವರ ಬೆರಳು ಹಗುರವಾಗಿತ್ತು. ಮೊದಲ ವರ್ಷಗಳಲ್ಲಿ ಇದ್ದ ಹಾಗೆ. ಹೊಸ ಐದು ಸ್ಲೈಡು ನೋಡಿದರು, ೧೧೪೧ ನೋಡಿದರು. ಆಮೇಲೂ ತಲೆ ಎತ್ತದೆ ಹಾಗೇ ಕುಳಿತಿದ್ದರು. ಅವರು ಆಗ ನೋಡುತ್ತಿದ್ದದ್ದು ಸ್ಲೈಡನ್ನೋ, ತಮ್ಮದೇ ಹಳೆಯ ಕೂದಲನ್ನೋ, ನನಗೆ ತಿಳಿಯಲಿಲ್ಲ.

ಎದ್ದು ಫೋನ್ ಎತ್ತಿದರು. "ಸರ್ಜರಿ ಏನ್ರಿ? ಹಂಚಿನಾಳ ಮಾತಾಡಾಕತ್ತೀನಿ. ನಾಳಿನ ೧೧೪೨ ಆಪರೇಷನ್ ನಿಲ್ಲಸ್ರಿ. ಹೌದು, ಕ್ಯಾನ್ಸರ್ ಅಲ್ಲ. ಗಂಟಷ್ಟ ತಗದ್ರ ಸಾಕು." ಆ ಕಡೆಯವರು ಏನೋ ಕೇಳಿದರು. "ಟೆಕ್ನಿಷಿಯನ್ನಂದಲ್ರಿ, ಪಿ.ಜಿ.ದೂ ಅಲ್ಲ. ಸಹಿ ನಂದು. ತಪ್ಪು ನಂದು."

ಬಾಗಿಲ ಹಿಂದೆ ನಿಂತಿದ್ದ ಮೌಲಾಸಾಬರು ಟೋಪಿ ತೆಗೆದು ಮುಖ ಒರೆಸಿಕೊಂಡರು.

ಆಗ ಮಾತಾಡಿದವರು ಮೌನೇಶಪ್ಪ. ಅವರು ಅಷ್ಟು ಹೊತ್ತು ಮೇಜಿನ ಅಂಚನ್ನು ಒತ್ತಿ ಒತ್ತಿ ನೋಡುತ್ತಿದ್ದರು.

"ಡಾಕ್ಟರ, ತಪ್ಪ ತಿಳಕೋಬ್ಯಾಡ್ರಿ. ನಿಮ್ಮ ಮೇಜ ಕುಂಟತೈತಿ. ಇಷ್ಟು ಸಣ್ಣ ಕೆಲಸ ಮಾಡೂ ಮಂದಿ ಕುಂಟೂ ಮೇಜಿನ ಮ್ಯಾಲ ಹೆಂಗ ಮಾಡ್ತೀರಿ? ಯವ್ವಾ, ಒಂದು ಕಾಗದ ಕೊಡು."

ಕಸ್ತೂರಿ ಚೀಲಕ್ಕೆ ಕೈ ಹಾಕಿದಳು. ಕೈಗೆ ಸಿಕ್ಕದ್ದು ಆ ಪತ್ರ. ಒಂದು ಕ್ಷಣ ಹಿಡಿದುಕೊಂಡು ನಿಂತಳು. ಆಮೇಲೆ ಅಪ್ಪನಿಗೆ ಕೊಟ್ಟಳು. ಮೌನೇಶಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ, ಬಗ್ಗಿ, ಗಿಡ್ಡ ಕಾಲಿನ ಕೆಳಗೆ ಸೇರಿಸಿದರು. ಅಂದಿನಿಂದ ನಾನು ಅಲುಗಿಲ್ಲ.

ಅವತ್ತು ಹನ್ನೊಂದು ಗಂಟೆಗೆ ಹಂಚಿನಾಳ ಡಾಕ್ಟರು ಎಲ್ಲರನ್ನೂ ಕರೆದರು, ಮೌಲಾಸಾಬರನ್ನೂ. "ಸಂಶಯ ಇದ್ದು ಬಾಯಿ ಮುಚ್ಚಿಕೊಂಡಾವ್ರು ಎಷ್ಟ ಮಂದಿ ಅದೀರಿ? ನಾ ಬೈಯಂಗಿಲ್ಲ" ಎಂದರು. ಮೊದಲು ಒಂದು ಕೈ ಎದ್ದಿತು. ಆಮೇಲೆ ಎಲ್ಲ ಕೈಗಳೂ ಎದ್ದವು. ಅವರು ಆ ಕೈಗಳನ್ನು ಬಹಳ ಹೊತ್ತು ನೋಡಿದರು. ಗೂಟದಲ್ಲಿದ್ದ ಇರ್ಫಾನನ ಕೋಟನ್ನೂ ನೋಡಿದರು. ಅದನ್ನು ತಾವೇ ಇಳಿಸಿ ಮಡಚಿ ಕೈಯಲ್ಲಿ ಹಿಡಿದುಕೊಂಡರು. ಅವನಿಗೆ ಪತ್ರ ಬರೆದರೆಂದು ಆಮೇಲೆ ಕೇಳಿದೆ. ಅವನು ಇಲ್ಲಿಗೆ ಮರಳಲಿಲ್ಲ, ಬೇರೆ ಊರಿನಲ್ಲಿ ಓದು ಮುಗಿಸಿದನಂತೆ.

ಆ ದಿನದಿಂದ ಕಿಟಕಿಯ ಹತ್ತಿರ ಒಂದು ಹಳದಿ ಟ್ರೇ ಬಂತು. ಯಾರಿಗೆ ಯಾವ ಸ್ಲೈಡಿನ ಬಗ್ಗೆ ಸಂಶಯವಿದ್ದರೂ ಅದರಲ್ಲಿ ಇಡಬೇಕು. ಹನ್ನೊಂದಕ್ಕೆ ಎಲ್ಲರೂ ಕೂಡಬೇಕು. ಮೊದಲು ಎಲ್ಲರಿಗಿಂತ ಚಿಕ್ಕವರು ಮಾತಾಡಬೇಕು, ಸರ್ ಕೊನೆಗೆ. 'ನನಗೆ ಗೊತ್ತಾಗಲಿಲ್ಲ' ಎಂದವರಿಗೆ ಕುರ್ಚಿ. ಕೆಲಸವೇನೂ ಕಡಿಮೆಯಾಗಲಿಲ್ಲ. ಮೌಲಾಸಾಬರಿಗೆ ಒಬ್ಬ ಜೊತೆಗಾರ ಸಿಗಲು ಹದಿನಾಲ್ಕು ತಿಂಗಳು ಬೇಕಾಯಿತು. ಹಂಚಿನಾಳ ಡಾಕ್ಟರು ಒಮ್ಮೊಮ್ಮೆ ಹಳೆಯ ಚಾಳಿಗೆ ಬೀಳುತ್ತಿದ್ದರು. ಆಗ ಯಾರಾದರೂ ಮೆಲ್ಲಗೆ, "ಸರ್, ಗಿಣಿ ಕರಸಲೇನ್ರಿ?" ಎನ್ನುತ್ತಿದ್ದರು. ಅವರು ನಕ್ಕು ಎದ್ದುಬಿಡುತ್ತಿದ್ದರು. ಮಧ್ಯಾಹ್ನ ರೊಟ್ಟಿಯ ಗಂಟು ಬಿಚ್ಚದೆ ಮುಂದಿನ ಟ್ರೇ ಮುಟ್ಟುವಂತಿಲ್ಲ ಎಂದು ಅವರೇ ನಿಯಮ ಮಾಡಿದರು. ಅದನ್ನು ಮುರಿಯುವವರೂ ಅವರೇ ಆಗಿದ್ದರು, ಬೈಸಿಕೊಳ್ಳುವವರೂ ಅವರೇ.

ಹದಿನೈದು ದಿನ ಕಳೆದ ಮೇಲೆ ಬಸ್ಸಿನಲ್ಲಿ ಒಂದು ಗಂಟು ಬಂತು. ಕುರ್ಚಿಗೆ ಕೂರಿಸುವ ತೇಗದ ಹಲಗೆಯ ಒಂದು ಪೀಠ, ಕಾಲಿಡಲು ಒಂದು ಮಣೆ. ಪೀಠವನ್ನು ಮೂರು ಎತ್ತರಕ್ಕೆ ಏರಿಸಿ ಇಳಿಸಲು ಬರುತ್ತಿತ್ತು. ಗಿಡ್ಡನೆಯವರಿಗೆ ಒಂದು, ಎತ್ತರದವರಿಗೆ ಒಂದು, ಕುತ್ತಿಗೆ ನೋಯುವ ಸರ್‌ಗೆ ಒಂದು. ಮೌನೇಶಪ್ಪ ಅವತ್ತು ಊರಿಗೆ ಹೊರಡುವ ಮುನ್ನ ದಾರ ಹಿಡಿದು ಎಲ್ಲರ ಅಳತೆ ತೆಗೆದುಕೊಂಡು ಹೋಗಿದ್ದರು.

ಆ ೧೧೪೨ ಹೆಂಗಸನ್ನು ನಾವು ಯಾರೂ ನೋಡಲಿಲ್ಲ. ಅವಳ ಗಂಟನ್ನಷ್ಟೇ ತೆಗೆದು ಐದನೆಯ ದಿನ ಮನೆಗೆ ಕಳಿಸಿದರಂತೆ. ಆ ಗಂಟೂ ನನ್ನ ಕೆಳಗೆ ಬಂತು. ಎಲ್ಲರೂ ಒಬ್ಬೊಬ್ಬರಾಗಿ ಕುಳಿತು ಅದರ ಅಂಚನ್ನೆಲ್ಲ ಸುತ್ತಿ ನೋಡಿದರು. ಏನೂ ಕೆಟ್ಟದ್ದಿರಲಿಲ್ಲ. ಅವಳೀಗ ಎಲ್ಲೋ ಸಂತೆಯಲ್ಲಿ ತರಕಾರಿ ಆರಿಸುತ್ತಿರಬಹುದು. ಅವಳಿಗೆ ನಮ್ಮ ಕೋಣೆಯ ಸುದ್ದಿ ಗೊತ್ತಿರಬೇಕಾಗಿಯೂ ಇಲ್ಲ.

ವರ್ಷಗಳು ಹೋದವು. ಕಸ್ತೂರಿ ಓದು ಮುಗಿಸಿ, ಬೇರೆ ಕಡೆ ಕೆಲಸ ಮಾಡಿ, ಪಾಠ ಹೇಳಲು ಇಲ್ಲಿಗೇ ಬಂದಳು. ಎಲ್ಲರೂ ಅವಳನ್ನು ಮೇಡಂ ಎನ್ನುತ್ತಾರೆ. ನನಗೆ ಅವಳು ತುದಿಗಾಲ ಮೇಲೆ ನಿಂತ ಹುಡುಗಿಯೇ. ನನ್ನ ಮಸೂರದ ಒಳಗೆ ಜೇಡರ ಬಲೆಯಂತೆ ಬೂಷ್ಟು ಬೆಳೆಯಿತು, ನನ್ನ ಕಣ್ಣಿಗೂ ಪೊರೆ ಬಂತು. ಕೋಣೆಗೆ ಪರದೆ ಇರುವ ಹೊಸ ಯಂತ್ರ ಬಂತು. ಅದರಲ್ಲಿ ಹತ್ತು ಜನ ಒಟ್ಟಿಗೆ ನೋಡಬಹುದು. ಹಳೆಯ ಸಾಮಾನು ಹೊರಹಾಕುವಾಗ ನನ್ನನ್ನೂ ಪಟ್ಟಿಯಲ್ಲಿ ಬರೆದಿದ್ದರು. ಕಸ್ತೂರಿ ಆ ಸಾಲಿಗೆ ಗೀಟು ಎಳೆದಳು. ನನ್ನನ್ನು ಮೇಜು ಕುರ್ಚಿಗಳ ಸಮೇತ, ಪಿ.ಜಿ.ಗಳು ಕೂತು ಚಹಾ ಕುಡಿಯುವ ಕೋಣೆಯ ಮೂಲೆಗೆ ಸರಿಸಿದಳು. ಮೇಜು ಎತ್ತುವಾಗ ಕಾಲಿನ ಕೆಳಗಿನ ಮಡಿಕೆಯ ಕಾಗದವನ್ನು ಕೈಯಲ್ಲಿ ತೆಗೆದುಕೊಂಡು, ಹೊಸ ಜಾಗದಲ್ಲಿ ಮತ್ತೆ ಅದೇ ಕಾಲಿಗೆ ಇಟ್ಟಳು. ಬಿಚ್ಚಿ ಓದಲಿಲ್ಲ.

ಮೊನ್ನೆ ಹೊಸ ಪಿ.ಜಿ.ಗಳ ಮೊದಲ ದಿನ. ನಿವೃತ್ತರಾದ ಹಂಚಿನಾಳ ಡಾಕ್ಟರನ್ನು ಕರೆಸಿದ್ದರು. ಕುತ್ತಿಗೆಗೆ ಪಟ್ಟಿ, ಕೈಯಲ್ಲಿ ಕೋಲು, ತಲೆ ನುಣ್ಣಗೆ. ಭಾಷಣ ಮುಗಿಸಿ ಚಹಾಕ್ಕೆ ಬಂದವರು ನನ್ನನ್ನು ಕಂಡು ನಿಂತರು. ಸವಿತಾ ಎಂಬ ಹೊಸ ಹುಡುಗಿ ನನ್ನ ಮುಂದೆ ಕುಳಿತು ಒಂದು ಸ್ಲೈಡು ನೋಡುತ್ತಿದ್ದಳು.

"ಸರ್, ಇದರ ಕಣ್ಣಾಗ ಏನೋ ಬಿದ್ದೈತ್ರಿ. ಕರೇದು. ಒರಸಿದ್ರೂ ಹೋಗವಲ್ದು."

"ಒರಸಬ್ಯಾಡ!" ಎಂದರು ಅವರು ಗಾಬರಿಯಾಗಿ. ಆಮೇಲೆ ತಲೆ ಸವರಿಕೊಂಡರು. "ನನ್ನ ಕೂದಲವಾ ಅದು. ಉಳದದ್ದು ಅದೊಂದ."

ಹುಡುಗಿ ನಗಬಹುದೋ ಬಾರದೋ ಎಂದು ಅನುಮಾನಿಸಿ, ಕೊನೆಗೆ ನಕ್ಕೇಬಿಟ್ಟಳು. "ಹಂಗಾದ್ರ ಸರ್, ಅದರ ತುದಿಗೆ ಇರೂದು ಏನು ಅಂತ ಹೇಳ್ರಿ. ನನಗ ಗೊತ್ತಾಗಲಿಲ್ಲ" ಎಂದು ಎದ್ದು ಕುರ್ಚಿ ಕೊಟ್ಟಳು. ಮೊದಲ ದಿನವೇ ಎಷ್ಟು ಸಲೀಸಾಗಿ ಅಂದಳು ಆ ಮಾತನ್ನು!

ಅವರು ಕೋಲು ಗೋಡೆಗೆ ಒರಗಿಸಿ, ಪೀಠವನ್ನು ತಮ್ಮ ಎತ್ತರಕ್ಕೆ ಇಳಿಸಿ ಕುಳಿತರು. ಹೊರಗಿನ ತಲೆಯಲ್ಲಿ ಒಂದೂ ಉಳಿದಿಲ್ಲ, ನನ್ನ ಕಣ್ಣೊಳಗಿನದು ಇನ್ನೂ ಕಪ್ಪಗೇ ಇದೆ. ಅದರ ತುದಿಯಲ್ಲಿದ್ದ ಕೋಶವನ್ನು ಅವರು ಬಹಳ ಹೊತ್ತು ನೋಡಿದರು. ತಿರುಪನ್ನು ಮುಂದಕ್ಕೆ ತಿರುಗಿಸಿದರು, ಹಿಂದಕ್ಕೆ ತಿರುಗಿಸಿದರು.

"ನನಗೂ ಗೊತ್ತಾಗವಲ್ದವಾ" ಎಂದರು. "ಕಸ್ತೂರಿನ್ನ ಕರೀ."

ಆಮೇಲೆ, ಕಸ್ತೂರಿ ಬರುವ ಮುನ್ನವೇ, ಅವಳಿಗೆ ಜಾಗ ಬಿಡಲು ಮೇಜಿಗೆ ಕೈ ಊರಿ ಎದ್ದರು. ಕುರ್ಚಿ ಕಿರುಗುಟ್ಟಿತು. ಮೇಜು ಅಲುಗಲಿಲ್ಲ.